ಮೀಟರಿನಲ್ಲಿ ಹದಿನಾಲ್ಕು ಕಿಲೋಮೀಟರ್ ಹೆಚ್ಚು

ಮಾರ್ಚ್ ಒಂಬತ್ತರಂದು ಬೆಳಿಗ್ಗೆ ಹತ್ತು ಇಪ್ಪತ್ತಕ್ಕೆ ಠಾಣೆಗೆ ಬಂದ ದೂರಿನಲ್ಲಿ ಕಳುವಾದ ವಸ್ತು ಯಾವುದೂ ಇರಲಿಲ್ಲ. ದೂರುದಾರರು ಎಪ್ಪತ್ತು ದಾಟಿದ, ಆರಡಿಗೂ ಮೀರಿದ ಆಳು. ಬಾಗಿಲಲ್ಲಿ ತಲೆ ಬಗ್ಗಿಸಿಯೇ ಒಳಗೆ ಬಂದರು. ಊರಿಗೆಲ್ಲ ಅವರು 'ಚಾಂಪಿಯನ್'. ಜತೆಯಲ್ಲಿ ಹರಾಜು ಕಂಪನಿಯ ಅಧಿಕಾರಿಯೊಬ್ಬರಿದ್ದರು.

ಹರಾಜಿಗೆ ಸಿದ್ಧವಾಗಿದ್ದ ಚಾಂಪಿಯನ್ನರ ಹಳೆಯ ಸ್ಪೋರ್ಟ್ಸ್ ಕಾರು ಶೆಡ್ಡಿನಲ್ಲೇ ಇತ್ತು. ಒಂದು ಗೀರೂ ಬಿದ್ದಿರಲಿಲ್ಲ. ಆದರೆ ಮೀಟರು ಮಾತ್ರ ಹಿಂದಿನ ದಿನಕ್ಕಿಂತ ಹದಿನಾಲ್ಕು ಕಿಲೋಮೀಟರ್ ಹೆಚ್ಚು ತೋರಿಸುತ್ತಿತ್ತು.

"ಅಂದ್ರೆ ಕಳ್ಳ ಕಾರು ತಗೊಂಡು ಹೋಗಿ, ವಾಪಸ್ ತಂದು ನಿಲ್ಲಿಸಿದಾನೆ?" ಇನ್‌ಸ್ಪೆಕ್ಟರ್ ಕೇಳಿದರು.

"ಒರೆಸಿ ನಿಲ್ಲಿಸಿದಾನೆ," ಎಂದರು ಅಧಿಕಾರಿ.

ದೂರು ಬರೆದುಕೊಳ್ಳುತ್ತಿದ್ದ ಹೆಡ್ ಕಾನ್‌ಸ್ಟೇಬಲ್, ಇಂಥ ಕಳ್ಳ ನಮ್ಮ ಮನೆ ಕಡೆಯೂ ಬರಬಾರದೇ ಎಂದು ಗೊಣಗಿದ. ಇನ್‌ಸ್ಪೆಕ್ಟರ್ ದುರುಗುಟ್ಟಿ ನೋಡಿದ ಮೇಲೆ ಮತ್ತೆ ಬರೆಯತೊಡಗಿದ.

ಅಧಿಕಾರಿ ವಿವರಿಸಿದರು. ಆ ತಿಳಿನೀಲಿ ಎರಡು ಸೀಟಿನ ಕಾರಿನಂಥವು ಪ್ರಪಂಚದಲ್ಲಿ ಉಳಿದಿರುವುದೇ ಆರು. ಬೆಲೆ ಬರುವುದು ಕಬ್ಬಿಣಕ್ಕಲ್ಲ, ಕಾರಿನ ಹಿಂದಿನ ಕತೆಗೆ. ನಲವತ್ತೆಂಟು ವರ್ಷದ ಹಿಂದೆ ಬೆಟ್ಟದ ರಸ್ತೆಯ ರೇಸಿನಲ್ಲಿ ಈ ಕಾರು ನಾಲ್ಕು ನಿಮಿಷ ಮೂವತ್ತೊಂಬತ್ತು ಸೆಕೆಂಡಿನಲ್ಲಿ ತುದಿ ಮುಟ್ಟಿತ್ತು. ರೇಸೇ ನಿಂತುಹೋಗುವವರೆಗೂ ಆ ದಾಖಲೆಯನ್ನು ಯಾರೂ ಮುರಿಯಲಿಲ್ಲ. ಏಳನೇ ತಿರುವನ್ನು ಥರ್ಡ್ ಗೇರಿನಲ್ಲೇ ದಾಟಿದ ಸಾಹಸವನ್ನು ಚಾಂಪಿಯನ್ನರ ಮಾತಿನಲ್ಲೇ ಕ್ಯಾಟಲಾಗಿನಲ್ಲಿ ಅಚ್ಚು ಹಾಕಿಸಿದ್ದರು. ಹೋದ ವರ್ಷ ಇಂಥದ್ದೇ ಕಾರೊಂದು ದಾಖಲೆ ಬೆಲೆಗೆ ಹೋಗಿತ್ತು. ಇದು ಅದನ್ನೂ ಮೀರಬೇಕು. ಹರಾಜು ಹದಿನೇಳಕ್ಕೆ. ಯಾರು ಓಡಿಸಿದರು, ಎಲ್ಲಿಗೆ, ಏನು ಮುಟ್ಟಿದರು ಎಂಬುದು ಅಷ್ಟರೊಳಗೆ ಗೊತ್ತಾಗದಿದ್ದರೆ ಕಾರನ್ನು ಪಟ್ಟಿಯಿಂದ ತೆಗೆಯುತ್ತಾರೆ.

"ದುಡ್ಡು ಹಾಳಾಗ್ಲಿ," ಎಂದರು ಚಾಂಪಿಯನ್. "ಆ ರೆಕಾರ್ಡ್ ಬಿಟ್ರೆ ನನ್ನ ಹೆಸರಲ್ಲಿ ಉಳಿದಿರೋದು ಏನೂ ಇಲ್ಲ. ಅದರ ಮೇಲೆ ಅನುಮಾನ ಬರಬಾರ್ದು."

ಅನುಮತಿ ಇಲ್ಲದೆ ವಾಹನ ಒಯ್ದಿದ್ದಕ್ಕೆ ಎಫ್‌ಐಆರ್ ಆಯಿತು. ಹನ್ನೆರಡೂಕಾಲಿಗೆ ಅಕ್ಕಪಕ್ಕದ ಇಬ್ಬರನ್ನು ಪಂಚರಾಗಿ ಕರೆದು ಶೆಡ್ಡಿನಲ್ಲಿ ಪಂಚನಾಮೆ ಶುರು ಮಾಡಿದರು. ಗೋಡೆಯ ಮೇಲೆ ಒಂದೊಂದು ಸ್ಪ್ಯಾನರಿನ ಆಕಾರವನ್ನೂ ಬಿಳಿ ಬಣ್ಣದಲ್ಲಿ ಬರೆದಿತ್ತು. ಅದು ಚಾಂಪಿಯನ್ನರ ತಂದೆಯ ಶಿಸ್ತು. ಹಳೆಯ ಆಯಿಲು, ಚರ್ಮದ ವಾಸನೆ ಮೂಗಿಗೆ ಬಡಿದದ್ದೇ ಇನ್‌ಸ್ಪೆಕ್ಟರಿಗೆ ತಮ್ಮ ಬಾಲ್ಯ ಕಣ್ಣ ಮುಂದೆ ಬಂತು. ಸ್ಕೂಲಿಗೆ ಚಕ್ಕರ್ ಹೊಡೆದು ಬೆಟ್ಟದ ಮೋಟುಗೋಡೆಯ ಮೇಲೆ ಕೂತು ರೇಸು ನೋಡಿದವರಲ್ಲಿ ಅವರೂ ಒಬ್ಬರು. ತಿಳಿನೀಲಿ ಕಾರು ದಾಟಿಹೋದಾಗ ಗಂಟಲು ಹರಿಯುವಂತೆ ಕೂಗಿದ್ದರು. ಈಗ ಅದರ ಬಾನೆಟ್ಟಿನ ಮೇಲೆ ಕೈಯಿಡಬೇಕೆಂಬ ಆಸೆಯಾಯಿತು. ಸಾಕ್ಷ್ಯ ಹಾಳಾಗುತ್ತದೆಂದು ಕೈ ಹಿಂದಕ್ಕೆಳೆದುಕೊಂಡರು.

ಪಂಚನಾಮೆಯಲ್ಲಿ ಬರೆದದ್ದು ಇಷ್ಟು. ಬೀಗ ಮುರಿದಿಲ್ಲ. ಚಾಲಕನ ಸೀಟಿನ ಹಳಿಯಲ್ಲಿ ಒಣಗಿದ್ದ ಗ್ರೀಸು ಹೊಸದಾಗಿ ಕೆರೆದುಹೋಗಿದೆ. ಸೀಟನ್ನು ಪೂರಾ ಮುಂದಕ್ಕೆಳೆದು ಮತ್ತೆ ಹಿಂದಕ್ಕೆ ತಳ್ಳಲಾಗಿದೆ. ಕಾರು ಫಸ್ಟ್ ಗೇರಿನಲ್ಲಿದೆ, ಹ್ಯಾಂಡ್‌ಬ್ರೇಕ್ ಹಾಕಿಲ್ಲ, ಹಿಂಚಕ್ರಕ್ಕೆ ಮರದ ತುಂಡು ಕೊಟ್ಟಿದೆ. ತಾವು ನ್ಯೂಟ್ರಲ್‌ನಲ್ಲಿಟ್ಟು ಹ್ಯಾಂಡ್‌ಬ್ರೇಕ್ ಎಳೆದೇ ಹೋಗಿದ್ದಾಗಿ ಅಧಿಕಾರಿ ಆಣೆ ಪ್ರಮಾಣ ಮಾಡಿದರು.

ಶೆಡ್ಡಿನ ರಾತ್ರಿ ಕಾವಲುಗಾರನನ್ನು ಮಧ್ಯಾಹ್ನವೆಲ್ಲ ಕೂರಿಸಿ ಕೇಳಿದರು. ಅವನ ಪಾಳಿ ಮುಗಿಯುವುದು ಬೆಳಗಿನ ಐದಕ್ಕೆ, ಹಗಲಿನವನು ಬರುವುದು ಏಳಕ್ಕೆ. ನಡುವಿನ ಎರಡು ಗಂಟೆ ಶೆಡ್ಡಿಗೆ ಬೀಗವೇ ಕಾವಲು. ಎದುರು ಮನೆಯ ನಿವೃತ್ತ ಪೋಸ್ಟ್‌ಮ್ಯಾನ್ ಐದೂವರೆಯ ಸುಮಾರಿಗೆ ಆ ಕಾರಿನ ಸದ್ದು ಕೇಳಿದ್ದರು.

"ಎದ್ದು ನೋಡ್ಲಿಲ್ವಾ?"

"ಕನಸು ಅಂದ್ಕೊಂಡೆ. ಒಳ್ಳೇ ಕನಸು, ಯಾಕೆ ಹಾಳ್ಮಾಡ್ಕೊಳ್ಳೋದು ಅಂತ ಮಗ್ಗುಲು ಬದಲಾಯಿಸ್ದೆ."

ಮರುದಿನ ಬೆಳಿಗ್ಗೆ ಇನ್‌ಸ್ಪೆಕ್ಟರ್ ಜೀಪಿನ ಮೀಟರು ನೋಡಿಕೊಂಡು ಶೆಡ್ಡಿನಿಂದ ಹೊರಟರು. ಬೆಟ್ಟದ ತುದಿಗೆ ಸರಿಯಾಗಿ ಏಳು ಕಿಲೋಮೀಟರ್. ಹೋಗಿ ಬಂದರೆ ಹದಿನಾಲ್ಕು. ತುದಿಯಲ್ಲಿ ಸಮಯ ಬರೆಯುವವರು ಕೂರುತ್ತಿದ್ದ ಕಟ್ಟೆ ಇನ್ನೂ ಇತ್ತು, ಮೇಲಿನ ತಗಡು ಹಾರಿಹೋಗಿತ್ತು. ಇಲ್ಲಿ ಒಂದು ಕಾಲಕ್ಕೆ ಕಾಲಿಡಲು ಜಾಗವಿರುತ್ತಿರಲಿಲ್ಲ ಎಂದರೆ ಈಗಿನವರು ನಂಬಲಾರರು. ಇನ್‌ಸ್ಪೆಕ್ಟರ್ ತಮ್ಮ ಬೇಸರವನ್ನು ಜೀಪು ಓಡಿಸಿದ್ದ ಹೆಡ್ ಕಾನ್‌ಸ್ಟೇಬಲ್ ಮೇಲೆ ತೀರಿಸಿಕೊಂಡರು.

"ಎಷ್ಟು ಸಲ ಹೇಳೋದಯ್ಯ, ಹ್ಯಾಂಡ್‌ಬ್ರೇಕ್ ಹಾಕು ಅಂತ?"

ಹೆಡ್ ಕಾನ್‌ಸ್ಟೇಬಲ್ ಚಕ್ರಕ್ಕೆ ಕಲ್ಲು ಕೊಡುತ್ತಿದ್ದ. "ಬೆಟ್ಟ ಓಡಿಸಿದ್ಮೇಲೆ ಹಾಕ್ಬಾರ್ದು ಸಾರ್. ಬ್ರೇಕ್ ಕಾದಿರುತ್ತೆ, ಹಾಗೇ ಹಿಡ್ಕೊಂಡ್ಬಿಡುತ್ತೆ. ಫಸ್ಟ್ ಗೇರಲ್ಲಿ ಬಿಡ್ಬೇಕು."

"ಯಾರು ಹೇಳ್ಕೊಟ್ಟಿದ್ದು?"

ಉತ್ತರ ಬಾಯಿಗೆ ಬಂದಮೇಲೆ ಅವನಿಗೆ ಅದರ ಅರ್ಥ ಹೊಳೆಯಿತು. ಮುಖ ಸಪ್ಪಗಾಯಿತು.

"ಕ್ಲಚ್ ಟೀಚರ್."

ಕ್ಲಚ್ ಟೀಚರ್ ಮೂವತ್ತು ವರ್ಷ ಡ್ರೈವಿಂಗ್ ಸ್ಕೂಲ್ ನಡೆಸಿದವರು. ಅರ್ಧ ಊರಿಗೆ ಸ್ಟಿಯರಿಂಗ್ ಹಿಡಿಯುವುದನ್ನು ಕಲಿಸಿ, ತಪ್ಪಿದಾಗ ಗೆಣ್ಣಿಗೆ ಸ್ಕೇಲಿನಲ್ಲಿ ಬಾರಿಸಿದ್ದರು. ಎತ್ತರ ಐದಡಿಯೂ ಇಲ್ಲ. ಚಾಂಪಿಯನ್ನರ ಒಡಹುಟ್ಟಿದ ತಂಗಿ.

ಠಾಣೆಗೆ ಬಂದು ಇನ್‌ಸ್ಪೆಕ್ಟರ್ ಕ್ಯಾಟಲಾಗು ಬಿಡಿಸಿದರು. ದಾಖಲೆಯ ದಿನದ ಫೋಟೋ ಎರಡು ಪುಟ ತುಂಬಿತ್ತು. ಹೆಲ್ಮೆಟ್ಟು, ರೇಸಿನ ದಪ್ಪ ಕನ್ನಡಕ, ಮುಖ ಕಾಣುವುದಿಲ್ಲ. ಗದ್ದ ಸ್ಟಿಯರಿಂಗಿನ ಮೇಲಕ್ಕೆ ಬರುವುದೇ ಕಷ್ಟ. ಸೀಟು ಪೂರಾ ಮುಂದಿತ್ತು, ಹಿಂದೆ ಒಂದು ಸೂಟ್‌ಕೇಸ್ ಇಡುವಷ್ಟು ಜಾಗ. ಬಾಗಿಲಲ್ಲಿ ತಲೆ ಬಗ್ಗಿಸಿ ಬಂದ ಮನುಷ್ಯ ನೆನಪಾದರು. ನಲವತ್ತೆಂಟು ವರ್ಷದ ಹಿಂದೆ ತಾವು ಗಂಟಲು ಹರಿದುಕೊಂಡದ್ದು ಯಾರಿಗಾಗಿ ಎಂದು ಆಗ ಅವರಿಗೆ ತಿಳಿಯಿತು.

ಮಾರ್ಚ್ ಹನ್ನೊಂದು, ಸಂಜೆ ನಾಲ್ಕು ಗಂಟೆ. ಟೀಚರಮ್ಮ ಮಹಡಿಯ ಮನೆಯಲ್ಲಿ ಹೊಲಿಗೆ ಯಂತ್ರಕ್ಕೆ ಎಣ್ಣೆ ಬಿಡುತ್ತಿದ್ದರು. ಹೆಡ್ ಕಾನ್‌ಸ್ಟೇಬಲ್‌ನನ್ನು ಕಂಡು, ಮೀಸೆ ಬಿಟ್ಟುಬಿಟ್ಟಿದ್ದೀಯಲ್ಲೋ ಎಂದರು. ಅವನು ಕೈಕಟ್ಟಿ ನಿಂತ.

"ಕಾರು ನೀವೇ ತಗೊಂಡು ಹೋಗಿದ್ರಾ ಅಮ್ಮ?" ಇನ್‌ಸ್ಪೆಕ್ಟರ್ ಕೇಳಿದರು.

"ಹೌದು."

"ಕೀಲಿ?"

"ಅಪ್ಪನ ಗೊಂಚಲು ನನ್ನ ಹತ್ರಾನೇ ಇದೆ."

"ಅಣ್ಣನ್ನ ಒಂದು ಮಾತು ಕೇಳಬಹುದಿತ್ತಲ್ಲ?"

"ಯಾಕೆ ಅಂತ ಕೇಳ್ತಿದ್ದ," ಎಂದು ಅವರು ಎಣ್ಣೆಯ ಕೈ ಒರೆಸಿಕೊಂಡು ಎದ್ದರು.

ಐದು ಹತ್ತಕ್ಕೆ ಠಾಣೆಯಲ್ಲಿ ಟೀಚರಮ್ಮ ಬಂಧನದ ಕಾಗದಕ್ಕೆ ಸಹಿ ಹಾಕಿದರು. ಸುದ್ದಿ ಕೇಳಿ ಚಾಂಪಿಯನ್ ಓಡಿಬಂದರು. ಇನ್‌ಸ್ಪೆಕ್ಟರ್ ಆ ಫೋಟೋವನ್ನು ಮೇಜಿನ ಮೇಲೆ ಬಿಡಿಸಿಟ್ಟರು. ಅಣ್ಣ ಕುರ್ಚಿ ಎಳೆದುಕೊಂಡು ಕೂತು ಅದರ ಮೇಲೆ ಬಗ್ಗಿದರು.

ಟೀಚರಮ್ಮ ನಿಧಾನವಾಗಿ ಹೇಳಿದರು. ಆ ಬೆಳಿಗ್ಗೆ ಅಣ್ಣನಿಗೆ ಕೆಂಡದಂಥ ಜ್ವರ. ಹೆಂಗಸರಿಗೆ ರೇಸಿನಲ್ಲಿ ಪ್ರವೇಶವಿರಲಿಲ್ಲ. ಅಪ್ಪನೇ ತಮಗೆ ಅಣ್ಣನ ಹೆಲ್ಮೆಟ್ಟು ತೊಡಿಸಿ ಪಟ್ಟಿ ಬಿಗಿದು, ಮೇಲೆ ಹೋದ ಕೂಡಲೇ ಶೆಡ್ಡಿಗೆ ವಾಪಸ್ಸು, ಬಾಯಿ ಬಿಡಕೂಡದು ಎಂದಿದ್ದ. ಅಪ್ಪ ಹೋದಮೇಲೂ ಇಬ್ಬರೂ ಬಾಯಿ ಬಿಡಲಿಲ್ಲ.

"ಇವನು ಹೇಳೋ ಕತೇಲಿ ನಾನು ಮೇಲೆ ಸ್ಟಾಪ್‌ವಾಚ್ ಹಿಡ್ಕೊಂಡು ನಿಂತಿರ್ತೀನಿ," ಎಂದರು. "ಕೇಳೀ ಕೇಳೀ ನಂಗೂ ಹಾಗೇ ನೆನಪಾಗೋಕೆ ಶುರುವಾಯ್ತು. ನಾನು ಓಡಿಸಿದ್ದು ನಿಜಾನಾ, ಇಲ್ಲಾ ನಾನೇ ಕಟ್ಕೊಂಡಿದ್ದಾ ಗೊತ್ತಾಗ್ತಿರ್ಲಿಲ್ಲ. ಕಾರು ಹೋಗ್ಬಿಟ್ರೆ ಯಾರನ್ನ ಕೇಳ್ಲಿ?"

"ಗೊತ್ತಾಯ್ತಾ?" ಇನ್‌ಸ್ಪೆಕ್ಟರ್ ಕೇಳಿದರು.

"ಏಳನೇ ತಿರುವಲ್ಲಿ ಗೊತ್ತಾಯ್ತು. ಕೈ ತಾನಾಗೇ ಹೋಯ್ತು." ಆಮೇಲೆ ಅಣ್ಣನ ಕಡೆ ಒಮ್ಮೆ ನೋಡಿ ಇನ್‌ಸ್ಪೆಕ್ಟರಿಗೆ, "ಇದನ್ನ ಬರ್ಕೋಬೇಡಿ. ಸುಮ್ನೆ ಆಸೆಯಾಯ್ತು, ತಗೊಂಡು ಹೋದೆ ಅಂತ ಹಾಕ್ಕೊಳ್ಳಿ."

ಹೆಡ್ ಕಾನ್‌ಸ್ಟೇಬಲ್ ಪೆನ್ನೆತ್ತಿ ಕಾದ. ಚಾಂಪಿಯನ್ ಫೋಟೋದಿಂದ ತಲೆಯೆತ್ತಿ ತಂಗಿಯನ್ನು ಕೇಳಿದರು.

"ಯಾವ ಗೇರಿಗೆ ಹೋಯ್ತು, ಕೈ?"

"ಸೆಕೆಂಡ್ ಕಣೋ. ಥರ್ಡಲ್ಲಿ ಹೋದ್ರೆ ಕಂದಕಕ್ಕೆ ಬೀಳ್ತೀವಿ."

ಚಾಂಪಿಯನ್ ಕನ್ನಡಕ ತೆಗೆದು ಒರೆಸಿದರು, ಮತ್ತೆ ಒರೆಸಿದರು. "ನಲವತ್ತೆಂಟು ವರ್ಷದಿಂದ ಎಲ್ರಿಗೂ ಥರ್ಡ್ ಅಂತಾನೇ ಹೇಳ್ಕೊಂಡು ಬಂದಿದೀನಿ," ಎಂದರು. ಆಮೇಲೆ ಇನ್‌ಸ್ಪೆಕ್ಟರಿಗೆ, "ಬರ್ಕೊಳ್ಳಿ ಸಾರ್. ಅವಳು ಹೇಳ್ದಂಗೆ ಎಲ್ಲಾ ಬರ್ಕೊಳ್ಳಿ. ಕೆಳಗೆ ನಾನೂ ಸಹಿ ಹಾಕ್ತೀನಿ."

ಜಾಮೀನಿಗೂ ಅವರೇ ಸಹಿ ಹಾಕಿದರು. ಹದಿನೇಳರ ಹರಾಜಿಗೆ ಕ್ಯಾಟಲಾಗಿನೊಳಗೆ ಒಂದು ತಿದ್ದುಪಡಿ ಚೀಟಿ ಸೇರಿತು. ಆವತ್ತು ಸ್ಟಿಯರಿಂಗ್ ಹಿಡಿದಿದ್ದವರು ಯಾರು, ಏಳನೇ ತಿರುವಿನಲ್ಲಿದ್ದ ಗೇರು ಯಾವುದು ಎಂದು ಅದರಲ್ಲಿ ಎರಡು ಸಾಲಿತ್ತು. ಕಾರು ಹಿಂದಿನ ದಾಖಲೆ ಬೆಲೆಯನ್ನು ಮೀರಿ ಹೋಯಿತು. ಹೊಸ ಮಾಲೀಕರು ಹದಿನಾಲ್ಕು ಕಿಲೋಮೀಟರಿನ ಬಗ್ಗೆ ತಕರಾರೆತ್ತಲಿಲ್ಲ.

ಕೇಸಿನ ಕಡತದಲ್ಲಿ ಕೃತ್ಯದ ಉದ್ದೇಶ ಎಂಬ ಕಾಲಮ್ಮು ಬಂದಾಗ ಇನ್‌ಸ್ಪೆಕ್ಟರ್ ಪೆನ್ನನ್ನು ಹೆಡ್ ಕಾನ್‌ಸ್ಟೇಬಲ್ ಕೈಯಿಂದ ತೆಗೆದುಕೊಂಡು ತಾವೇ ಬರೆದರು: 'ಆರೋಪಿಯು ಸದರಿ ವಾಹನವನ್ನು ಹಿಂದೊಮ್ಮೆ ತಾನೇ ಓಡಿಸಿದ್ದು ಹೌದೇ ಎಂದು ಖಚಿತಪಡಿಸಿಕೊಳ್ಳಲು ಒಯ್ದಿರುತ್ತಾರೆ. ಹೌದೆಂದು ತನಿಖೆಯಿಂದ ಕಂಡುಬಂದಿರುತ್ತದೆ.'