ಎರಡನೇ ತೂತು

ಹದಿನಾಲ್ಕನೇ ತಾರೀಕು ಸೋಮವಾರ, ಬೆಳಿಗ್ಗೆ ಏಳು ಐವತ್ತಕ್ಕೆ ಕಾಫಿಪುಡಿ ಅಂಗಡಿಯ ಯಜಮಾನ ಠಾಣೆಗೆ ಓಡಿಬಂದ. ಒಂದು ಕಾಲಿನ ಚಪ್ಪಲಿ ದಾರಿಯಲ್ಲೆಲ್ಲೋ ಕಳಚಿಹೋಗಿತ್ತು. ಅವನು ಮೇಜಿನ ಮೇಲಿಟ್ಟದ್ದು ಬೀಡಿಯಷ್ಟು ಸಪೂರವಾಗಿ ಸುತ್ತಿದ್ದ ಒಂದು ಕಾಗದ. ಬಿಡಿಸಿದಷ್ಟೂ ಸುರುಳಿಯಾಗುತ್ತಿತ್ತು. ಮಹಿಳಾ ಕಾನ್‌ಸ್ಟೆಬಲ್ ಎರಡು ತುದಿಗೂ ಭಾರ ಹೇರಿ ಓದಿದಳು.

“ಈ ಲಾಟಿನ ಬೀಜಕ್ಕೆ ವಿಷ ಬೆರೆಸಿದ್ದೇನೆ. ಯಾರೂ ಕುಡಿಯಬೇಡಿ. ಮಾರಿದ್ದರೆ ವಾಪಸು ತರಿಸಿ.”

“ಎಲ್ಲಿ ಸಿಕ್ತು?” ಇನ್‌ಸ್ಪೆಕ್ಟರ್ ಕೇಳಿದರು.

“ಮೂಟೆ ಒಳಗೆ ಸಾರ್. ಹುರಿಯೋಕೆ ಅಂತ ಈಗ ಬಿಚ್ಚಿದೆ.”

“ಈ ಲಾಟಿಂದು ಎಷ್ಟು ಮೂಟೆ?”

“ಐದು. ಮೂರು ಒಂಬತ್ತನೇ ತಾರೀಕು ಬಂತು, ಎರಡು ಹನ್ನೆರಡಕ್ಕೆ. ಕಾಗದ ಇದ್ದದ್ದು ಆಮೇಲೆ ಬಂದದ್ರಲ್ಲಿ. ಮೊದಲಿನ ಮೂರರಲ್ಲಿ ಎರಡು...” ಅವನು ಚಪ್ಪಲಿಯಿಲ್ಲದ ಕಾಲನ್ನು ಹಿಂದಕ್ಕೆ ಎಳೆದುಕೊಂಡ. “ಹುರಿದು, ಪುಡಿ ಮಾಡಿ, ಮಾರಿಬಿಟ್ಟಿದೀನಿ.”

“ಯಾರಿಗೆ?”

“ಯಾರಿಗೆ ಅಂತ ಹೇಳ್ಲಿ ಸಾರ್, ಊರಿಗೇ!” ಅವನ ಕಣ್ಣು ಕಾನ್‌ಸ್ಟೆಬಲ್ ಮೇಲೆ ಬಿತ್ತು. “ಅಕ್ಕಾವ್ರೂ ಅರ್ಧ ಕೆಜಿ ತಗೊಂಡು ಹೋದ್ರಲ್ಲ, ಹನ್ನೊಂದನೇ ತಾರೀಕು.”

ಅವಳ ಕೈ ಫೋನಿಗೆ ಹೋಯಿತು. ಇವತ್ತು ಬೆಳಿಗ್ಗೆ ಮಗಳು ಹೊಟ್ಟೆನೋವು ಅಂದಿದ್ದಳು. ಸ್ಕೂಲು ತಪ್ಪಿಸುವ ನೆಪ ಅಂದುಕೊಂಡು ಇವಳೇ ಗದರಿಸಿ, ಹಾಲಿಗೆ ಎರಡು ಚಮಚ ಕಾಫಿ ಜಾಸ್ತಿ ಹಾಕಿ ಕುಡಿಸಿ ಕಳಿಸಿದ್ದಳು. ಮನೆಗೆ ಫೋನ್ ಮಾಡಿದರೆ ಎತ್ತಿದ್ದು ಮಾವ.

“ಮಾವಾ, ಕಾಫಿ ಕುಡಿದ್ರಾ?”

“ಎರಡನೇ ಲೋಟ ಕೈಲಿದೆ. ಮೂರು ದಿನದಿಂದ ಬಡ್ಕೋತಿದೀನಿ, ಔಷಧಿ ವಾಸನೆ ಅಂತ. ನಿಮ್ಮ ಮೂಗು ಕೆಟ್ಟಿದೆ ಅಂದೋಳು ನೀನೇ ತಾನೆ?”

“ಚೆಲ್ಲಿ ಮಾವ. ಪುಟ್ಟೀನ ಸ್ಕೂಲಿಂದ ಕರ್ಕೊಂಡು ಆಸ್ಪತ್ರೆಗೆ ಹೋಗಿ. ನೀವೂ ತೋರಿಸ್ಕೊಳ್ಳಿ. ಯಾಕೆ ಅಂತ ಕೇಳ್ಬೇಡಿ.”

ಎಂಟು ಹದಿನೈದಕ್ಕೆ ಎಫ್‌ಐಆರ್ ದಾಖಲಾಯಿತು. ಜೀಪಿಗೆ ಧ್ವನಿವರ್ಧಕ ಕಟ್ಟಿ ಬೀದಿಬೀದಿಗೂ ಕಳಿಸಿದರು. ಇನ್‌ಸ್ಪೆಕ್ಟರ್ ಅವಳ ಮುಖ ನೋಡಿ, “ನೀನು ಆಸ್ಪತ್ರೆಗೆ ಹೋಗಮ್ಮ” ಅಂದರು.

“ಡಾಕ್ಟ್ರು ಮೊದಲು ಕೇಳೋದೇ ಯಾವ ವಿಷ ಅಂತ ಸಾರ್. ಅದು ಆಸ್ಪತ್ರೇಲಿ ಸಿಗಲ್ಲವಲ್ಲ.”

ಎಂಟು ನಲವತ್ತಕ್ಕೆ ಅಂಗಡಿಯಲ್ಲಿ ಪಂಚನಾಮೆ ಶುರುವಾಯಿತು. ಹುರಿಯುವ ಯಂತ್ರ ತಣ್ಣಗೆ ಕೂತಿತ್ತು. ದಫೇದಾರರು ಮೂಟೆಯ ಬಾಯಿ ಹಿಡಿದು ನೋಡಿದರು. ಹೊಲಿಗೆ ಯಜಮಾನನೇ ಕತ್ತರಿಸಿದ್ದು. ಕಾರ್ಖಾನೆಯ ಸೀಲು ಹಾಗೇ ಇತ್ತು.

“ಬಾಯಿ ಬಿಚ್ಚದೆ ಒಳಗೆ ಹೋಗೋಕೆ ಇದೇನು ದೆವ್ವ ಬರೆದ ಕಾಗದವೇ?” ಅಂದರು ದಫೇದಾರರು.

ಕಾನ್‌ಸ್ಟೆಬಲ್ ಗೋಣಿಯನ್ನು ಬೆಳಕಿಗೆ ಹಿಡಿದಳು. ಪಕ್ಕದಲ್ಲೊಂದು ಕಡೆ ನೂಲು ಸರಿದು ಮತ್ತೆ ಕೂಡಿತ್ತು. ಅಂಗೈಯಗಲ ದೂರದಲ್ಲಿ ಅಂಥದ್ದೇ ಇನ್ನೊಂದು.

“ಇದೇನು?”

“ಮಾದರಿ ತೆಗೆದಿದ್ದು ಅಕ್ಕ. ಕಾರ್ಖಾನೇಲಿ ಮೊನೆ ಇರೋ ಕೊಳವೆ ಚುಚ್ಚಿ ನಾಲ್ಕು ಬೀಜ ಇಳಿಸ್ಕೊತಾರೆ. ಆಮೇಲೆ ಬೀಜ ಸೋರಬಾರದು ಅಂತ ಅದೇ ಮೊನೇಲಿ ಉಜ್ಜಿ ತೂತು ಮುಚ್ತಾರೆ.”

“ಒಂದು ಮೂಟೆಗೆ ಎಷ್ಟು ಸಲ?”

“ಒಂದೇ ಸಲ.”

ಖಾಲಿಯಾದವೂ ಸೇರಿ ಉಳಿದ ನಾಲ್ಕು ಗೋಣಿಗಳಲ್ಲೂ ಒಂದೊಂದೇ ಗುರುತು. ಇದರಲ್ಲಿ ಎರಡು, ಎರಡನ್ನೂ ಉಜ್ಜಿ ಮುಚ್ಚಿದ್ದರು. ಬೆದರಿಕೆ ತುರುಕಲು ಬಂದವನಿಗೆ ಬೀಜ ಸೋರಿದರೇನು, ಬಿಟ್ಟರೇನು? ಕೈ ಮಾತ್ರ ತನ್ನ ಅಭ್ಯಾಸ ಬಿಟ್ಟಿರಲಿಲ್ಲ.

ಒಂಬತ್ತು ಮುಕ್ಕಾಲಿಗೆ ಕಾರ್ಖಾನೆ. ತೋಟದಿಂದ ಸಿಪ್ಪೆ ಸಮೇತ ಬಂದ ಬೀಜವನ್ನು ಇಲ್ಲಿ ಸುಲಿದು, ಜರಡಿ ಹಿಡಿದು, ಹೊಸ ಗೋಣಿಗೆ ತುಂಬುತ್ತಾರೆ. ಉದ್ದ ಮೇಜುಗಳ ಎರಡೂ ಬದಿ ಹೆಂಗಸರು ಕಪ್ಪು ಬೀಜ, ಒಡಕು ಬೀಜ ಆರಿಸುತ್ತಿದ್ದರು. ಪೊಲೀಸರನ್ನು ಕಂಡು ಕೈಗಳು ನಿಂತವು.

“ಮಾದರಿ ಕೊಳವೆ ಯಾರ ಹತ್ರ ಇರುತ್ತೆ?”

“ನಾಲಿಗೆ ಮೇಷ್ಟ್ರ ಹತ್ರ,” ಅಂದ ಮ್ಯಾನೇಜರ್. “ಇಪ್ಪತ್ತಾರು ವರ್ಷದ ಸರ್ವೀಸು. ಒಂದು ಗುಟುಕಿಗೆ ಯಾವ ತೋಟ, ಗುಡ್ಡದ ಯಾವ ಮಗ್ಗುಲು ಅಂತ ಹೇಳ್ತಾರೆ. ಅವರು ರುಚಿ ನೋಡಿ ಉಗುಳಿದ ಮೇಲೇ ಸಾರ್ ಲೋಕ ಕುಡಿಯೋದು.”

ರುಚಿ ನೋಡುವ ಕೋಣೆಯಲ್ಲಿ ಬಿಳಿ ಬಟ್ಟಲುಗಳು ಸಾಲಾಗಿದ್ದವು. ಮೇಷ್ಟ್ರು ತೆಳ್ಳನೆಯ ಮನುಷ್ಯ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಎದೆಯ ಜೇಬಿನಲ್ಲಿ ಚಮಚ.

ಅಂಗಡಿಯಿಂದ ವಶಪಡಿಸಿಕೊಂಡ ಪುಡಿಯನ್ನು ಕಾನ್‌ಸ್ಟೆಬಲ್ ಒಂದು ಬಟ್ಟಲಿಗೆ ಹಾಕಿದಳು. “ಬಾಯಿಗೆ ಹಾಕ್ಬೇಡಿ ಮೇಷ್ಟ್ರೇ. ವಾಸನೆ ನೋಡಿ ಹೇಳಿ, ಸಾಕು.”

ಕುದಿನೀರು ಬಿದ್ದದ್ದೇ ತಡ, ಆವಿಯ ಜೊತೆ ಘಾಟು ಎದ್ದಿತು. ಇನ್‌ಸ್ಪೆಕ್ಟರ್ ಕರ್ಚೀಫಿಗೆ ಕೈ ಹಾಕಿದರು. ಮನೆಯಲ್ಲಿ ಹಾಲು ಸಕ್ಕರೆಯಲ್ಲಿ ಮುಚ್ಚಿಹೋಗಿದ್ದ ವಾಸನೆ ಇಲ್ಲಿ ಬರೀ ನೀರಿನಲ್ಲಿ ಅವಳ ಮೂಗಿಗೆ ಹೊಡೆಯಿತು. ಇದನ್ನೇ ತಾನು ಮಗಳಿಗೆ ಗದರಿಸಿ ಕುಡಿಸಿದ್ದು. ಮೇಷ್ಟ್ರು ಬಟ್ಟಲಿಗೆ ಮೂಗು ತಾಗುವಷ್ಟು ಬಗ್ಗಿದರು. ಹುಬ್ಬು ಕೂಡ ಅಲುಗಲಿಲ್ಲ. ಆಮೇಲೆ ಕಣ್ಣೆತ್ತಿ ಅವಳ ಮುಖ ನೋಡಿದರು.

“ಔಷಧಿ ವಾಸನೆ ಇದೆ,” ಅಂದರು.

“ಯಾವ ಔಷಧಿ?”

ಮೇಷ್ಟ್ರು ಜೇಬಿನ ಚಮಚ ತೆಗೆದು ಒರೆಸತೊಡಗಿದರು. ಹಣೆಯಲ್ಲಿ ಬೆವರು ಕಾಣಿಸಿತು.

ಉತ್ತರ ಬಂದದ್ದು ಬಾಗಿಲ ಕಡೆಯಿಂದ. ಬೀಜ ಆರಿಸುವ ಮುದುಕಿಯೊಬ್ಬಳು ಸೆರಗು ಮೂಗಿಗೆ ಒತ್ತಿ ನಿಂತಿದ್ದಳು. “ಅಯ್ಯೋ, ಇದು ಕಾಂಡಕೊರಕ ಹುಳಕ್ಕೆ ಗಿಡಕ್ಕೆ ಬಳಿಯೋ ಔಷಧಿ ಕಣವ್ವಾ! ಹತ್ತು ವರ್ಷ ತೋಟದಲ್ಲಿ ಬಳಿದಿದೀನಿ, ಸತ್ರೂ ಮರೆಯಲ್ಲ. ಹಸಿ ಬೀಜದಲ್ಲಿ ಗೊತ್ತಾಗಲ್ಲ. ಬಿಸಿನೀರು ಬಿದ್ರೆ ಎದ್ದು ಕೂರುತ್ತೆ.”

ಅಷ್ಟರಲ್ಲಿ ಫೋನ್ ಬಡಿದುಕೊಂಡಿತು. “ಪುಟ್ಟಿ ಎರಡು ಸಲ ವಾಂತಿ ಮಾಡ್ಕೊಂಡ್ಳಮ್ಮ,” ಅಂದರು ಮಾವ. ಅವರ ದನಿಯಲ್ಲಿದ್ದ ಜೋರೆಲ್ಲ ಇಳಿದುಹೋಗಿತ್ತು. “ಡಾಕ್ಟ್ರು ವಿಷದ ಹೆಸರು ಕೇಳ್ತಾವ್ರೆ.”

ಲಾಟಿನ ಚೀಟಿಯಲ್ಲಿ ತೋಟದ ಗುರುತಿತ್ತು. ಗುಡ್ಡದ ತಿರುವುಗಳಲ್ಲಿ ಜೀಪು ಏದುಸಿರು ಬಿಡುತ್ತಾ ಹತ್ತಿತು. ಅವಳು ಬಾಯೊಳಗೇ ತಿರುವುಗಳನ್ನು ಎಣಿಸುತ್ತಾ ಕೂತಳು. ಎಣಿಕೆ ನಿಲ್ಲಿಸಿದರೆ ಅಳು ಬರುತ್ತಿತ್ತು.

ಹನ್ನೊಂದು ಇಪ್ಪತ್ತು. ಹಣ್ಣು ಕೊಯ್ದು, ತಿರುಳು ತೆಗೆದು, ಕಣದಲ್ಲಿ ಒಣಗಿಸಿದ ಬೀಜ ಲಾರಿಗೆ ಕಾಯುವ ತೋಟದ ಉಗ್ರಾಣ. ಮೂಟೆಗಳ ಮೇಲೆಯೇ ಒಂದು ಹಲಗೆ, ಹಲಗೆಯ ಮೇಲೆ ಔಷಧಿ ಡಬ್ಬಗಳು. ಒಂದರ ತಳ ತುಕ್ಕು ಹಿಡಿದು ಸೋರಿ, ಗೋಡೆಗುಂಟ ಕಂದು ಗೆರೆ ಇಳಿದಿತ್ತು. ಅವಳು ಡಬ್ಬದ ಮೇಲಿನ ಹೆಸರನ್ನು ಫೋನಿನಲ್ಲಿ ಡಾಕ್ಟರಿಗೆ ಅಕ್ಷರ ಅಕ್ಷರವಾಗಿ ಹೇಳಿದಳು. ಎರಡು ಸಲ ಹೇಳಿಸಿಕೊಂಡು ಅವರು, “ಇಷ್ಟು ಸಾಕಮ್ಮ, ಇದಕ್ಕೆ ಮದ್ದಿದೆ” ಅಂದರು. ಅವಳು ಅಲ್ಲೇ ಮೂಟೆಗೆ ಒರಗಿದಳು. ಯಾವ ಮೂಟೆ ಎಂದು ಹೊಳೆದೊಡನೆ ಬೆಚ್ಚಿ ಎದ್ದಳು.

“ಸೋರಿದ್ದು ಯಾವಾಗ ಗೊತ್ತಾಯ್ತು?” ಇನ್‌ಸ್ಪೆಕ್ಟರ್ ಉಗ್ರಾಣದವನನ್ನು ಕೇಳಿದರು.

“ಹೋದ ತಿಂಗಳು ಸಾರ್.”

“ಗೊತ್ತಿದ್ದೂ ಲಾರಿಗೆ ಹಾಕಿದೆ?”

“ಬಿಸಿಲಿಗೆ ಹರಡಿದ್ವಿ. ಹೋಗಿರುತ್ತೆ ಅಂದ್ಕೊಂಡೆ. ಹೋಗದಿದ್ರೂ ಕೆಳಗೆ ಮೇಷ್ಟ್ರು ಹಿಡೀತಾರಲ್ಲ ಅಂತ...”

ಅವನ ಮೇಲೂ ತೋಟದ ಯಜಮಾನರ ಮೇಲೂ ನಿರ್ಲಕ್ಷ್ಯದ ಪ್ರಕರಣ ಬರೆದುಕೊಂಡು ಇಳಿದರು.

“ವಿಷ ಬೆರೆಸಿದೋರೇ ಇಲ್ಲ,” ಅಂದರು ದಫೇದಾರರು. “ಬೆರೆಸಿದ್ದೇನೆ ಅಂತ ಬರೆದೋನು ಇದ್ದಾನೆ. ಮಾಡದ ಪಾಪ ಯಾರಯ್ಯಾ ತಲೆ ಮೇಲೆ ಹೊತ್ಕೊತಾರೆ?”

“ಮಾಡಿದ್ದನ್ನ ಹೇಳೋಕೆ ಅದಕ್ಕಿಂತ ಹೆದರಿಕೆ ಇರೋರು,” ಅಂದಳು ಅವಳು. “ಘಾಟು ಬಂದಾಗ ಮೇಷ್ಟ್ರು ಬಟ್ಟಲು ನೋಡಲಿಲ್ಲ ಸಾರ್. ನನ್ನ ಮುಖ ನೋಡಿದ್ರು.”

ಮಧ್ಯಾಹ್ನ ಎರಡು ಹತ್ತಕ್ಕೆ ಕಾರ್ಖಾನೆಗೆ ಮರಳಿದಾಗ ಮೇಷ್ಟ್ರು ಅದೇ ಕೋಣೆಯಲ್ಲಿದ್ದರು. ಬಟ್ಟಲುಗಳನ್ನೆಲ್ಲ ತೊಳೆದು ಬೋರಲು ಹಾಕಿದ್ದರು.

“ಮೂಗು ಹೋಗಿ ಎಷ್ಟು ದಿನ ಆಯ್ತು ಮೇಷ್ಟ್ರೇ?” ಅವಳು ಕೇಳಿದಳು.

ಮೇಷ್ಟ್ರು ಕುರ್ಚಿ ಹಿಡಿದು ಕೂತರು.

“ಎಂಟು ತಿಂಗಳು. ಒಂದು ಜ್ವರ ಬಂತು, ಹೋಗ್ತಾ ಮೂಗು ನಾಲಿಗೆ ಎರಡನ್ನೂ ಕಟ್ಕೊಂಡು ಹೋಯ್ತು. ಮಣ್ಣೂ ಒಂದೇ, ಸಕ್ಕರೆನೂ ಒಂದೇ.”

“ಮತ್ತೆ ಇಷ್ಟು ದಿನ ಪಾಸು ಮಾಡಿದ್ದು?”

“ಬೀಜದ ಬಣ್ಣ ನೋಡಿ. ಪಕ್ಕದಲ್ಲಿ ನಿಂತೋರ ಮುಖ ನೋಡಿ. ಒಂಬತ್ತನೇ ತಾರೀಕು ಯಾರೂ ಇರಲಿಲ್ಲ, ಪಾಸು ಅಂತ ಬರೆದೆ. ಮಾದರಿ ಮನೆಗೆ ತಗೊಂಡು ಹೋಗಿದ್ದೆ. ಹನ್ನೊಂದರ ಸಂಜೆ ನನ್ನ ಹೆಂಡತಿ ಹುರಿದು ಕಾಫಿ ಮಾಡಿ, ಇದೇನ್ರೀ ವಿಷ ತಂದಿದೀರಾ ಅಂದ್ಲು. ಅಷ್ಟೊತ್ತಿಗೆ ಮೂರು ಮೂಟೆ ಹೋಗಿತ್ತು. ಉಳಿದ ಎರಡರಲ್ಲಿ ಒಂದಕ್ಕೆ ಕೊಳವೆ ಚುಚ್ಚಿ ಕಾಗದ ಇಳಿಸಿದೆ.”

“ಒಂದು ಫೋನ್ ಮಾಡಿದ್ರೆ ಸಾಕಿತ್ತು. ಆವತ್ತೇ.”

“ನಾಲಿಗೆ ಸತ್ತಿದೆ ಅಂತ ಹೇಳೋಕೆ ನಾಲಿಗೆ ಏಳಲಿಲ್ಲ ತಾಯಿ.”

“ನನ್ನ ಮಗಳು ಆಸ್ಪತ್ರೇಲಿದಾಳೆ.”

ಮೇಷ್ಟ್ರು ಎರಡೂ ಕೈ ಜೋಡಿಸಿದರು.  ಎರಡು ನಲವತ್ತಕ್ಕೆ ಬಂಧನವಾಯಿತು. ಬೀಜ ಆರಿಸುವ ಹೆಂಗಸರು ಎದ್ದು ನಿಂತರು. ಮರ್ಯಾದೆಗೋ, ನೋಡಲಿಕ್ಕೋ, ಅವರಿಗೂ ಗೊತ್ತಿದ್ದಂತೆ ಕಾಣಲಿಲ್ಲ.

ಸಂಜೆಯ ಹೊತ್ತಿಗೆ ಆಸ್ಪತ್ರೆಗೆ ಹತ್ತೊಂಬತ್ತು ಜನ ಬಂದಿದ್ದರು. ಯಾರ ಜೀವಕ್ಕೂ ಅಪಾಯವಿರಲಿಲ್ಲ. ಪುಟ್ಟಿ ಗಂಜಿ ಕುಡಿದು ಮಲಗಿದ್ದಳು. ಅಲ್ಲಿಗೆ ಹೊರಡುವ ಮುಂಚೆ ಕಾನ್‌ಸ್ಟೆಬಲ್ ಬಂಧಿತನ ವಿವರ ಬರೆಯಲು ಕೂತಳು. ವಯಸ್ಸು, ಎತ್ತರ, ಗುರುತಿನ ಮಚ್ಚೆ. ದೇಹದ ನ್ಯೂನತೆ ಎಂಬ ಕಾಲಂ ಬಂದಾಗ ಪೆನ್ನು ನಿಂತಿತು.

ಮೇಷ್ಟ್ರು ಕಂಬಿಯ ಹತ್ತಿರ ಬಂದರು. “ತಾಯಿ, ವಿಷ ಹಾಕಿದೆ ಅಂತಲೇ ಬರ್ಕೊಳ್ಳಿ. ಜೈಲಿಗೆ ಹೋಗ್ತೀನಿ. ನಾಲಿಗೆ ಇಲ್ಲ ಅಂತ ಮಾತ್ರ ಬರೀಬೇಡಿ. ಕಾರ್ಖಾನೆಯೋರು ಓದ್ತಾರೆ.”

ಅವಳು ಕಾಗದವನ್ನು ಹತ್ತಿರಕ್ಕೆ ಎಳೆದುಕೊಂಡಳು. ಇದ್ದದ್ದನ್ನು ಇದ್ದ ಹಾಗೇ ಬರೆದು, ಅವರಿಗೆ ಓದಿ ಹೇಳಿ, ರುಜು ಹಾಕಿಸಿಕೊಂಡಳು.