ಒಂದೇ ನಂಬರಿನ ಮೂವತ್ತೊಂದು ಕಮೆಂಟುಗಳು

"ಈ ಮೂವತ್ತೊಂದು ಜನ ಯಾರು, ರಾಜು ಅವರೇ?"

ಶಿರಾ ಬಸ್ ನಿಲ್ದಾಣದ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ವನಜಾ ಬರೀ ಹೆಸರು, ನಂಬರುಗಳ ಪಟ್ಟಿ ಪ್ರಿಂಟ್ ತೆಗೆದ ಹಾಳೆಗಳನ್ನು ಅವನ ಮುಂದಿಟ್ಟಳು. ದನಿ ನಡುಗಬಾರದೆಂದು ಮಧುಗಿರಿಯಿಂದ ಬರುವಾಗ ಬಸ್ಸಿನುದ್ದಕ್ಕೂ ಅಭ್ಯಾಸ ಮಾಡಿಕೊಂಡಿದ್ದಳು.

ಅಂಗಡಿ ನಡೆಸುವ ನರಸಿಂಹರಾಜು ಹಾಳೆ ನೋಡಿ ಬೆಪ್ಪಾದ.

"ಹುಲಿಕುಂಟೆಯ ಮಾರಕ್ಕ, ನಿಡುಗಲ್ಲಿನ ಪಾಲಣ್ಣ, ಪಟ್ಟನಾಯಕನಹಳ್ಳಿಯ ವೃಷಭೇಂದ್ರಪ್ಪ... ನನ್ನ ಬ್ಲಾಗಿಗೆ ಕಮೆಂಟ್ ಹಾಕಿದವರು. ಎಲ್ಲರ ಹೆಸರಿನ ಕೆಳಗೂ ಒಂದೇ ಐಪಿ ನಂಬರು. ಅದು ಈ ಅಂಗಡಿಯ ಕಂಪ್ಯೂಟರಿನ ನಂಬರು!"

"ಮೇಡಂ, ಟೈಪ್ ಮಾಡಿದ್ದು ನಾನೇ. ಆದ್ರೆ..."

"ಸಾಕು!"

ಆ ನಂಬರು ನೋಡುವುದನ್ನು ಇದೇ ಕಂಪ್ಯೂಟರಿನಲ್ಲಿ ಅವಳಿಗೆ ಕಲಿಸಿದವನು ಅವನೇ!

ವನಜಾ ಮಧುಗಿರಿಯ ಕಾಲೇಜೊಂದರ ಗ್ರಂಥಾಲಯದಲ್ಲಿ ಕೆಲಸಕ್ಕಿದ್ದಳು. ಹೊಲದ ಬದುಗಳಲ್ಲಿ ತಾನಾಗಿ ಬೆಳೆಯುವ ಸೊಪ್ಪುಗಳ ಬಗ್ಗೆ, ವಾರಕ್ಕೊಂದರಂತೆ, 'ಬೆರಕೆ ಸೊಪ್ಪು' ಎಂಬ ಬ್ಲಾಗಿನಲ್ಲಿ ಬರೆಯುತ್ತಿದ್ದಳು. ಎಂಟು ತಿಂಗಳ ಹಿಂದೆ ಅದರ ತುಂಬ ಕಸದ ಕಮೆಂಟುಗಳು ಬಂದು ಬಿದ್ದವು. ಸಾಲ ಬೇಕೇ, ಲಾಟರಿ ಗೆದ್ದಿದ್ದೀರಿ, ಹತ್ತು ದಿನದಲ್ಲಿ ಬೆಳ್ಳಗಾಗಿ... ಆಗ ಶಿರಾದ ಈ ಅಂಗಡಿಯಲ್ಲಿ ಸಹಾಯಕ್ಕೆ ಸಿಕ್ಕವನು ರಾಜು.

"ಹೆಸ್ರು ನೂರು ಇರ್ತವೆ ಮೇಡಂ, ಕೆಳಗಿನ ನಂಬರು ಮಾತ್ರ ಒಂದೇ. ಅಂಗಿದ್ರೆ ಒಬ್ನೇ ಕಳ್ಳ ಅಂತ ಲೆಕ್ಕ. ಕರುಣೆ ತೋರುಸ್ಬೇಡಿ, ಅಳ್ಸಿಬುಡಿ" ಅಂದಿದ್ದ.

ಆಮೇಲೆ ನಿಜವಾದ ಓದುಗರು ಬಂದರು. ಊಟದ ಬಿಡುವಿನಲ್ಲಿ ಅವರ ಮಾತು ಓದುತ್ತ ಅವಳು ಒಬ್ಬಳೇ ನಗುತ್ತಿದ್ದಳು. "ಆ ಕಳೆ ಗಿಡಗಳ ಬಗ್ಗೆ ಯಾರೇ ಓದ್ತಾರೆ?" ಎಂದಿದ್ದ ಅಮ್ಮನಿಗೂ ಹೆಮ್ಮೆಯಿಂದ ತೋರಿಸಿದ್ದಳು. ಆ ಸಂತೋಷ ಹಂಚಿಕೊಳ್ಳಲೆಂದೇ ರಾಜುವಿಗೆ ಫೋನ್ ಮಾಡುತ್ತಿದ್ದಳು. ಮಾತು ಬೆಳೆದಿತ್ತು... ಮನಸ್ಸೂ. ಬಾಯಿಬಿಟ್ಟು ಹೇಳಿದವರು ಮಾತ್ರ ಇಬ್ಬರಲ್ಲಿ ಯಾರೂ ಇಲ್ಲ.

'ನನ್ನನ್ನು ಖುಷಿಪಡಿಸಲು ಮೂವತ್ತೊಂದು ಸುಳ್ಳು ಜನರನ್ನು ಹುಟ್ಟಿಸಿದನೇ? ನಾನು ಅಷ್ಟು ಪೆದ್ದಿಯೇ?'

ಅವಳು ಮೊಬೈಲ್ ತೆಗೆದು ಮೂವತ್ತೊಂದನ್ನೂ ಗುರುತು ಮಾಡಿದಳು. ಅಳಿಸಿದರೆ ಮತ್ತೆ ಸಿಗುವುದಿಲ್ಲ ಎಂದು ಪರದೆ ಎಚ್ಚರಿಸಿತು.

"ಬ್ಯಾಡ ಮೇಡಂ! ಒಂದ್ ನಿಮಿಷ ಕೇಳಿ..."

"ಕರುಣೆ ತೋರಿಸಬೇಡಿ ಅಂದವರು ನೀವೇ ಅಲ್ವಾ?"

ಒತ್ತಿದಳು. ಹಿಂತಿರುಗಿ ನೋಡದೆ ಬಸ್ಸು ಹತ್ತಿದಳು. ಅವನ ಫೋನುಗಳನ್ನು ಎತ್ತಲಿಲ್ಲ. ಆ ವಾರ ಬ್ಲಾಗಿಗೂ ಏನೂ ಬರೆಯಲಿಲ್ಲ. ಯಾರಿಗಾಗಿ ಬರೆಯಬೇಕು?

ಆದರೂ ಅವಳದು ಹಾಕಿದ ಬೀಗವನ್ನು ಎರಡೆರಡು ಸಲ ಎಳೆದು ನೋಡುವ ಸ್ವಭಾವ. ಭಾನುವಾರ ಹುಲಿಕುಂಟೆಗೇ ಹೋದಳು. ಮಾರಕ್ಕ ಎಂಬವರು ಇರಬಾರದೆಂದು ಬಯಸುತ್ತಿದ್ದಾಳೋ, ಇರಲೆಂದೋ, ಅವಳಿಗೇ ತಿಳಿಯಲಿಲ್ಲ.

"ನಾನೇ ಕಣಮ್ಮ ಮಾರಕ್ಕ. ಯಾರವ್ವ ನೀನು?" ಕುರಿಮರಿಯನ್ನು ಕಂಕುಳಲ್ಲಿ ಹಿಡಿದ ಹೆಂಗಸು ಕೇಳಿದಳು.

"ಬೆರಕೆ ಸೊಪ್ಪು... ಬರೆಯೋಳು."

"ಅಯ್, ಹುಣಸೆಹಣ್ಣಿನ ಹುಡ್ಗಿ! ಗೋಣಿಸೊಪ್ಪೇ ಹುಳಿ ಇರ್ತದೆ, ಅದುಕ್ಕೆ ಮತ್ತೆ ಹುಣಸೆಹಣ್ಣು ಹಾಕ್ತಾರೇನೇ?"

"ಅದನ್ನ... ನೀವೇ ಬರೆಸಿದ್ದಾ?"

"ಇನ್ಯಾರು? ಪಿಂಚಣಿ ಅರ್ಜಿ ಹಾಕಕ್ಕೆ ಹೋದಾಗೆಲ್ಲ ಸರ್ವರ್ ಇಲ್ಲ, ಕೂತ್ಕ ಅಂತಾನೆ ಆ ರಾಜ. ಕೂತೋರ್ಗೆಲ್ಲ ನೀ ಬರ್ದಿದ್ದ ಓದಿ ಹೇಳ್ತಾನೆ. ಸುಮ್ಕಿರಕ್ಕಾಯ್ತದಾ? ತಪ್ಪು ಬರ್ದವ್ಳೆ ಅಂದೆ. ನೀ ಹೇಳಕ್ಕ, ಬರ್ದು ಕಳುಸ್ತೀನಿ ಅಂದ. ನಾ ಹೇಳ್ದಂಗೇ ಬರ್ದವ್ನಾ? ತೋರ್ಸು ನೋಡಾಣ."

"ಅಕ್ಕ... ಅಳಿಸಿಬಿಟ್ಟೆ. ಸುಳ್ಳು ಹೆಸರು ಅಂದ್ಕೊಂಡೆ."

ಮಾರಕ್ಕನ ನಗು ಇಳಿಯಿತು. "ನಾನು ಸುಳ್ಳಾ? ಅರವತ್ತು ವರ್ಷಕ್ಕೆ ಒಂದ್ಕಿತ ನನ್ ಮಾತ ಬರ್ಕಂಡಿದ್ರು. ಅದ್ನೂ ಒರ್ಸ್ಬುಟ್ಯಾ?"

ವನಜಾ ತಲೆ ತಗ್ಗಿಸಿದಳು. ಮೋಸಹೋದವಳು ತಾನೆಂದುಕೊಂಡು ಬಂದಿದ್ದಳು!

ಅಲ್ಲಿಂದ ನೇರ ಶಿರಾಕ್ಕೆ ಬಂದಳು. ಅಂಗಡಿಯಲ್ಲಿ ರಾಜು ಒಬ್ಬನೇ ಇದ್ದ.

"ಯಾಕೆ ಹೇಳಲಿಲ್ಲ?"

"ಹೇಳಕ್ಕೆ ಎಲ್ ಬುಟ್ರಿ ಮೇಡಂ?"

"ಅವತ್ತಲ್ಲ. ಎಂಟು ತಿಂಗಳಿತ್ತಲ್ಲ!"

ಅವನು ಮುಖ ಕೆಳಗೆ ಹಾಕಿದ. "ಜನ ತಾವಾಗೇ ಹುಡುಕ್ಕೊಂಡು ಬರ್ತವ್ರೆ ಅಂತ ನೀವು ಖುಷಿಯಾಗಿದ್ರಿ. ನಾನು ಓದಿ ಹೇಳಿದ್ದು ಅಂದ್ರೆ ಬೇಜಾರಾಯ್ತೀರೇನೋ ಅಂತ..."

"ನನ್ನ ಬೇಜಾರನ್ನ ನೀವೇ ತೀರ್ಮಾನ ಮಾಡಿದ್ರಾ?"

"ಇನ್ನೊಂದೈತೆ. ಮೂವತ್ತು ಜನ ನಿಜ. ವೃಷಭೇಂದ್ರಪ್ಪ ಅನ್ನೋನಿಲ್ಲ. ಅದು... ನಂದು" ಎಂದ.

ಮತ್ತೆ ಚುಚ್ಚಿತು. ಅವಳು ಬೆಂಚಿನ ಮೇಲೆ ಕೂತಳು.

"ಹಾಗಾದ್ರೆ ನನ್ನ ಅನುಮಾನ ಪೂರ್ತಿ ತಪ್ಪಲ್ಲ."

"ಅಲ್ಲ. ತಪ್ಪು ನಂದು."

ಅವನು ನೆಪ ಹೇಳಲಿಲ್ಲ, ನಗಿಸಲು ನೋಡಲಿಲ್ಲ. ಅವಳ ಉಸಿರು ಸ್ವಲ್ಪ ಸಡಿಲವಾಯಿತು.

"ಅದರಲ್ಲಿ ಏನು ಬರೆದಿದ್ರಿ? ನನಗೆ ನೆನಪಿಲ್ಲ." ಪ್ರತಿ ಅಕ್ಷರವೂ ನೆನಪಿತ್ತು.

"ಅಳ್ಸಿಬುಟ್ರಲ್ಲ..."

"ಅದಕ್ಕೇ ಬಾಯಲ್ಲಿ ಹೇಳಿ. ನಿಮ್ಮ ಹೆಸರಲ್ಲೇ."

ಅವನ ಕಿವಿಗಳು ಕೆಂಪಾದವು. "ಇವ್ರ ಜೊತೆ ಹೊಲದ ಬದಿನ ಮ್ಯಾಲೆ ಸೊಪ್ಪು ಕೀಳ್ತಾ ಓಡಾಡ್ಬೇಕು ಅನ್ಸ್ತದೆ ಅಂತ ಬರ್ದಿದ್ದೆ. ಅದ್ರಲ್ಲಿ 'ಒಂದಿನ' ಅಂತಿತ್ತು... ಅದು ಸುಳ್ಳು. ವಯಸ್ಸಾಗೋ ಗಂಟ ಓಡಾಡ್ಬೇಕು. ಇದು ನರಸಿಂಹರಾಜು ಹೇಳ್ತಿರೋದು."

ಅವಳ ಕಣ್ಣು ತುಂಬಿ ಬಂತು.

"ಮೊದಲು ಆ ಮೂವತ್ತು ಜನರ ಮನೆಗೆ ಹೋಗಿ ಕ್ಷಮೆ ಕೇಳಬೇಕು. ಅವರ ಮಾತು ಮತ್ತೆ ಬರೆಸಿಕೊಳ್ಳಬೇಕು. ನೀವೂ ಬರಬೇಕು."

"ಈಗ್ಲೇ ಬತ್ತೀನಿ! ಬೈಕಲ್ಲಿ ಹೋಗಾಣ್ವಾ?"

"ಬಸ್ಸಲ್ಲಿ. ನಿಮ್ಮ ಬೈಕ್ ಹತ್ತೋವಷ್ಟು ನಂಬಿಕೆ ಇನ್ನೂ ಬಂದಿಲ್ಲ."

"ಬತ್ತದಾ?" ಎಂದ ಅವನು, ಮೆಲ್ಲಗೆ.

ವನಜಾ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಎದ್ದಳು.

"ಅಂಗಡಿ ಬಾಗಿಲು ಹಾಕಿ ಬನ್ನಿ ರಾಜು. ಪಕ್ಕದ ಸೀಟು ಹಿಡಿದಿರ್ತೀನಿ."