ಕಾಳವ್ವನ ಎಲೆ

ಗೋಡೆಯ ಮೇಲೆ ಮೊದಲು ಒಂದು ಬಿಳಿ ಚುಕ್ಕೆ ಮೂಡಿತು. ಅದರಿಂದ ಒಂದು ಕೊಂಬೆ ಹೊರಟಿತು. ಕೊಂಬೆಯ ತುದಿಯಲ್ಲಿ ಎರಡು ಎಲೆ, ಆಮೇಲೆ ಹತ್ತು, ನೋಡನೋಡುತ್ತಿದ್ದಂತೆ ಗೋಡೆ ತುಂಬ ಮರ! ಆಂಬ್ಯುಲೆನ್ಸುಗಳಿಗೆ ದಾರಿ ಬಿಡಿಸುವ ಗದಗದ ತುರ್ತುದಾರಿ ಕೇಂದ್ರದ ಹನ್ನೊಂದು ವರ್ಷಗಳ ದುಡಿಮೆಯನ್ನು ‘ಚರಿತ್ರದರ್ಶಕ’ ಎಂಬ ಆ ಹೊಸ ಯಂತ್ರ ಎಂಟೇ ನಿಮಿಷಗಳಲ್ಲಿ ಬೆಳೆಸಿ ತೋರಿಸಿತು. ಯಂತ್ರವನ್ನು ಜೋಡಿಸಿ ನಿಂತಿದ್ದ ಕಾಳವ್ವ ಬಡಿಗೇರ ರೆಪ್ಪೆ ಮಿಟುಕಿಸದೆ ನೋಡಿದಳು. ಮರದ ಸುತ್ತ ಹಾರಾಡುತ್ತಿದ್ದದ್ದು ಒಂದೇ ಒಂದು ದೀಪ. ಅದರ ಕೆಳಗಿದ್ದ ಹೆಸರು ವೀರಭದ್ರ ಹೊಸಮನಿ, ನಿರ್ದೇಶಕರು.

“ಇದೇನ್ರೀ ಡಾಕ್ಟರ್ರ? ಇಷ್ಟು ವರ್ಷ ನಾ ಇಲ್ಲಿ ಕತ್ತೆ ಕಾಯಾಕತ್ತಿದ್ನೇನು?”

ಯಂತ್ರವನ್ನು ಕಂಡುಹಿಡಿದ ಡಾ. ನಫೀಸಾ ನದಾಫ್ ಉತ್ತರ ಕೊಡುವ ಮುಂಚೆ ಓದುಗರಿಗೂ ಒಂದಿಷ್ಟು ಹೇಳಬೇಕು. ಅದು 2068ನೆಯ ಇಸವಿ. ಬೀದಿಯ ಸಿಗ್ನಲ್‌ನಿಂದ ಆಸ್ಪತ್ರೆಯ ಲಿಫ್ಟಿನವರೆಗೆ ಎಲ್ಲವನ್ನೂ ಸಾಫ್ಟ್‌ವೇರೇ ನಡೆಸುತ್ತಿತ್ತು. ಯಾವ ಸಾಲನ್ನು ಯಾರು ಬರೆದರು, ಏಕೆ ಬರೆದರು ಎಂದರೆ ಮಾತ್ರ ಎಲ್ಲರೂ ಮುಖ ಮುಖ ನೋಡುತ್ತಿದ್ದರು. ಚರಿತ್ರದರ್ಶಕ ಹುಟ್ಟಿದ್ದು ಅದಕ್ಕಾಗಿ. ಅದು ಸಾಫ್ಟ್‌ವೇರಿನ ಬದಲಾವಣೆಗಳ ದಾಖಲೆಯನ್ನು ಮೊದಲಿನಿಂದ ಓದಿ ಮರವಾಗಿ ಬಿಡಿಸುತ್ತದೆ. ಫೋಲ್ಡರು ಕೊಂಬೆ, ಫೈಲು ಎಲೆ, ಬರೆದವರು ದೀಪ. ಹೊಸದಾಗಿ ಬರೆದರೆ ದೀಪದಿಂದ ಹಸಿರು ಕಿರಣ, ತಿದ್ದಿದರೆ ಹಳದಿ, ಅಳಿಸಿದರೆ ಕೆಂಪು. ಮೂಲ ದಾಖಲೆಯನ್ನು ದೇವರು ಬಂದರೂ ತಿದ್ದಲಾಗದು.

“ದಾಖಲೆಯೊಳಗ ಯಾರ ಹೆಸರೈತೋ ಅವರ ದೀಪ ಹತ್ತತೈತಿ, ಕಾಳವ್ವಾರ,” ಎಂದರು ನಫೀಸಾ. “ನಿಮ್ಮ ಹೆಸರು ಒಂದು ಕಡೆಯೂ ಇಲ್ಲ.”

ಇರುವುದಾದರೂ ಹೇಗೆ? ಆ ಕೇಂದ್ರದಲ್ಲಿ ಸಾಫ್ಟ್‌ವೇರ್ ಬರೆಯುವವಳು ಕಾಳವ್ವ ಒಬ್ಬಳೇ. ಮಿಕ್ಕವರೆಲ್ಲ ಆಂಬ್ಯುಲೆನ್ಸ್ ಕರೆ ಸ್ವೀಕರಿಸುವವರು. ಆದರೆ ದಾಖಲೆಗೆ ಸೇರಿಸುವ ಹೆಬ್ಬೆರಳಿನ ಕೀಲಿ ಇದ್ದದ್ದು ನಿರ್ದೇಶಕ ಹೊಸಮನಿ ಸಾಹೇಬರಿಗೆ ಮಾತ್ರ. ಪ್ರತಿ ಶುಕ್ರವಾರ ಅವಳು ವಾರದ ಬರಹವನ್ನು ಅವರ ಮೇಜಿಗೆ ಒಯ್ಯಬೇಕು, ಅವರು ಚಹಾ ಕುಡಿಯುತ್ತ ಹೆಬ್ಬೆರಳು ಒತ್ತಬೇಕು; ಒತ್ತಿದವರ ಹೆಸರೇ ದಾಖಲೆಗೆ. ಇದಕ್ಕೆ ಅವರು ಶಿಸ್ತು ಎಂದು ಹೆಸರಿಟ್ಟಿದ್ದರು. ಮೊದಮೊದಲು ಕಾಳವ್ವನಿಗೂ ಅದು ಮರ್ಯಾದೆಯೆಂದೇ ಅನಿಸಿತ್ತು, ಪಾಪ! ಸಾಹೇಬರೇ ಖುದ್ದಾಗಿ ತನ್ನ ಕೆಲಸ ನೋಡುತ್ತಾರೆಂದು ಹಿಗ್ಗಿದ್ದಳು.

ಈಗ ಹಿಗ್ಗುವ ಕಾಲವಲ್ಲ. ಸಾಫ್ಟ್‌ವೇರ್ ಬರೆಯುವವರ ಪೈಕಿ ಮರದಲ್ಲಿ ಯಾರ ದೀಪ ಇಲ್ಲವೋ ಅವರ ಗುತ್ತಿಗೆಯನ್ನು ಮುಂದುವರಿಸಬೇಕಿಲ್ಲ ಎಂಬ ಸರ್ಕಾರದ ಆದೇಶ ಬಂದಿತ್ತು. ಸೋಮವಾರ ಸಚಿವರೇ ಬಂದು ಮರ ನೋಡುವವರಿದ್ದರು. ಅಷ್ಟರೊಳಗೆ ದೀಪ ಹತ್ತದಿದ್ದರೆ ಕಾಳವ್ವ ಮನೆಗೆ ಹೋಗಬೇಕು, ಅದೂ ಏನೂ ಮಾಡದವಳು ಎಂಬ ಹೆಸರು ಹೊತ್ತು.

“ಬರಹದ ಜಾಡು ಹಿಡಿಯೂದು ಈ ಯಂತ್ರಕ್ಕ ಬರೂದಿಲ್ಲೇನ್ರಿ?” ಎಂದು ಕೇಳಿದಳು.

“ಬರತೈತಿ. ಒಬ್ಬೊಬ್ಬರ ಕೈ ಒಂದೊಂದು ಥರಾ. ಸಾಫ್ಟ್‌ವೇರ್ ಬರಿಯೂ ಮಂದಿ ಎಣಿಕಿ ಸೊನ್ನೆಯಿಂದ ಶುರು ಮಾಡ್ತಾರ, ನೀವು ಒಂದರಿಂದ ಮಾಡಿ ಕಡೀಕ ಒಂದು ಕಳೀತೀರಿ. ಜಗತ್ತಿನ್ಯಾಗ ಯಾರೂ ಹಿಂಗ ಬರಿಯೂದಿಲ್ಲ!” ನಫೀಸಾ ನಕ್ಕರು. “ಆದರ ಒಂದು ಎಲಿಯಾದ್ರೂ ನಿಮ್ಮದಂತ ಮುಖ್ಯಸ್ಥರು ಒಪ್ಪಬೇಕು. ಆ ಮಾದರಿ ಸಿಕ್ರ ಉಳಿದದ್ದನ್ನ ಯಂತ್ರಾನ ಹುಡುಕತೈತಿ.”

ಕಾಳವ್ವ ನೆಟ್ಟಗೆ ಸಾಹೇಬರ ಕೋಣೆಗೆ ನಡೆದಳು. “ಸಾಹೇಬ್ರ, ಒಂದು ಎಲಿ ನಂದಂತ ಬರಕೊಡ್ರಿ.”

ಹೊಸಮನಿಯವರು ಚಹಾದ ಕಪ್ಪಿನಿಂದ ತಲೆಯೆತ್ತಲಿಲ್ಲ. “ಹೆಬ್ಬಟ್ಟು ಯಾರದು? ನಂದು. ಹಂಗಾದ್ರ ಎಲಿ ಯಾರದು? ಹೋಗು, ಕೆಲಸಾ ನೋಡು.”

“ಕೆಲಸಾ ನೋಡಿದಾಕಿ ನಾನರಿ, ಹೆಬ್ಬಟ್ಟು ಒತ್ತಿದವರು ನೀವು,” ಎಂದು ಅವರ ಮುಖಕ್ಕೇ ಹೇಳಿ ಹೊರಬಂದಳು. ರಾಜೀನಾಮೆ ಕೊಟ್ಟು ಹೋಗು ಎಂದು ಮನಸ್ಸು ಹೇಳಿದರೆ, ಯಾಕೆ ಹೋಗಲಿ ಎಂದು ಅದೇ ಮನಸ್ಸು ತಿರುಗಿ ಬಿತ್ತು.

ಸೋಮವಾರ ಬೆಳಿಗ್ಗೆ ಸಚಿವರು ಪರಿವಾರದೊಂದಿಗೆ ಬಂದರು. ಮರ ಬೆಳೆಯಿತು, ಚಪ್ಪಾಳೆ ಬಿತ್ತು. ಹೊಸಮನಿಯವರು ತಮ್ಮ ದೀಪದ ಪಕ್ಕದಲ್ಲಿ ಮದುವಣಿಗನ ಹಾಗೆ ನಿಂತಿದ್ದರು. ಸಚಿವರು ಮಾತ್ರ ನಗಲಿಲ್ಲ.

“ಹೋದ ತಿಂಗಳು ನನ್ನ ಗಾಡಿಗಳನ್ನ ಮುಳಗುಂದ ನಾಕಾದ ಸಿಗ್ನಲ್ಲಿನ್ಯಾಗ ಆರು ನಿಮಿಷ ನಿಲ್ಲಿಸಿದ್ದು ಇದೇ ಸಾಫ್ಟ್‌ವೇರಲ್ಲಾ? ಅದು ಯಾವ ಎಲಿ? ಬರದವರು ಯಾರು?”

ನಫೀಸಾ ಗುಂಡಿ ಒತ್ತಿದರು. ಮರವೆಲ್ಲ ಮಬ್ಬಾಗಿ ಒಂದೇ ಎಲೆ ಬೆಳಗಿತು. ಅದರಲ್ಲಿದ್ದ ನಿಯಮವನ್ನು ಯಂತ್ರ ಗಟ್ಟಿಯಾಗಿ ಓದಿತು: ಆಂಬ್ಯುಲೆನ್ಸಿನಲ್ಲಿ ಉಸಿರು ಕಟ್ಟಿದವರಿದ್ದರೆ ಎದುರಿಗೆ ಯಾರ ವಾಹನವೇ ಬರಲಿ, ದಾರಿ ಆಂಬ್ಯುಲೆನ್ಸಿಗೇ. ಬರೆದವರು, ವೀರಭದ್ರ ಹೊಸಮನಿ.

ಸಾಹೇಬರ ಮುಖದ ಬಣ್ಣ ಇಳಿಯಿತು. “ಅದು… ಅದು ನಾ ಬರದದ್ದಲ್ಲ ಸರ್! ಅದು ಈ ಕಾಳವ್ವ ಬರದದ್ದು! ಎಲ್ಲಾರ ಮುಂದ ಹೇಳ್ತೀನಿ, ಆ ಎಲಿ ಇವಳದು!”

“ಒಪ್ಪಿದ್ರಲ್ಲಾ?” ಎಂದರು ನಫೀಸಾ.

“ನೂರು ಸಲ ಒಪ್ಪೀನಿ!”

ಗೋಡೆಯ ಮೇಲೆ ಇನ್ನೊಂದು ದೀಪ ಹತ್ತಿತು. ಕಾಳವ್ವ ಬಡಿಗೇರ. ಯಂತ್ರಕ್ಕೆ ಮಾದರಿ ಸಿಕ್ಕಿತ್ತು. ಆ ದೀಪ ಪಕ್ಕದ ಎಲೆಗೆ ಹಾರಿತು, ಅಲ್ಲಿಂದ ಕೊಂಬೆಗೆ, ಕೊಂಬೆಯಿಂದ ಬುಡಕ್ಕೆ. ಹೊಸಮನಿಯವರ ದೀಪ ಒಂದೊಂದೇ ಎಲೆ ಬಿಟ್ಟುಕೊಡುತ್ತ ಮೂಲೆಗೆ ಸರಿದು, ಹಬ್ಬದ ಶುಭಾಶಯ ತೋರಿಸುವ ಒಂದು ಫೈಲಿನ ಮೇಲೆ ನಿಂತಿತು. ಯಾರೋ ಕಿಸಕ್ಕೆಂದರು. ಕಾಳವ್ವನ ಕಣ್ಣು ತುಂಬಿಬಂತು. ಅವಳು ಒರೆಸಿಕೊಳ್ಳಲೂ ಇಲ್ಲ.

“ನೀನೇನು ಬರದಾಕಿ?” ಎಂದರು ಸಚಿವರು.

“ಹೌದ್ರಿ, ನಾನ. ಅಂದು ಆ ಗಾಡಿಯೊಳಗ ಎಂಟು ದಿನದ ಕೂಸಿತ್ತು. ಬದುಕೈತಿ.”

ಪರಿವಾರದ ಮುಂದೆ ಸಚಿವರು ಸೋಲುವುದು ಹೇಗೆ? “ಅದಿರಲಿ. ಆ ಎಲಿ ಈಗ ಅಳಸ್ರಿ,” ಎಂದರು.

ಎಲ್ಲರೂ ಹೊಸಮನಿಯವರ ಹೆಬ್ಬೆರಳನ್ನು ನೋಡಿದರು. ನಫೀಸಾ ಶಾಂತವಾಗಿ ವಿವರಿಸಿದರು: “ಅಳಸಬಹುದು. ಗೋಡಿ ಮ್ಯಾಲ ಕೆಂಪು ಕಿರಣ ಬರತೈತಿ, ಕೆಳಗ ಅಳಸಿದವರ ಹೆಸರು. ನಾಳೆ ಯಾವುದಾದ್ರೂ ಕೂಸು ದಾರಿಯೊಳಗ ಜೀವಾ ಬಿಟ್ರ ಮಂದಿ ಈ ಹೆಸರು ನೋಡ್ತಾರ. ಅದನ್ನ ಮಾತ್ರ ತಗಿಯಾಕ ಬರೂದಿಲ್ಲ.”

ಹೊಸಮನಿಯವರು ಹೆಬ್ಬೆರಳನ್ನು ಮುಷ್ಟಿಯೊಳಗೆ ಅಡಗಿಸಿದರು. ಸಚಿವರು ಆಪ್ತ ಕಾರ್ಯದರ್ಶಿಯತ್ತ ನೋಡಿದರೆ ಆತ ಫೋನ್ ಬಂದವನಂತೆ ಹೊರಗೆ ಹೋದ. ಆಗ ಸಾಹೇಬರಿಗೆ ಒಂದು ಉಪಾಯ ಹೊಳೆಯಿತು. “ಕಾಳವ್ವಾ, ಈಗಿಂದೀಗ ನಿನಗ ಕೀಲಿ ಮಾಡಿಕೊಡ್ತೀನಿ. ನಿನ್ನ ಎಲಿ ನೀನ ಅಳಸು, ನಿನ್ನ ಹೆಸರಿನ್ಯಾಗ!” ಎಂದು, ಹನ್ನೊಂದು ವರ್ಷ ಯಾರಿಗೂ ಕೊಡದಿದ್ದ ಕೀಲಿಯನ್ನು ಎರಡೇ ನಿಮಿಷದಲ್ಲಿ ಅವಳ ಹೆಬ್ಬೆರಳಿಗೆ ಬರೆದುಕೊಟ್ಟರು. ಕೀಲಿ ಕೊಟ್ಟದ್ದೂ ಗೋಡೆಯ ಮೇಲೆ ಹಸಿರು ಕಿರಣವಾಗಿ ಮೂಡಿತು, ಕೆಳಗೆ ಅವರದೇ ಹೆಸರು.

ಕಾಳವ್ವ ತನ್ನ ಹೆಬ್ಬೆರಳನ್ನೊಮ್ಮೆ ನೋಡಿಕೊಂಡಳು. ಕುರ್ಚಿ ಎಳೆದು ಕೂತು, ಕೈಕಟ್ಟಿಕೊಂಡಳು.

“ಅಳಸೂದಿಲ್ರಿ.”

“ಏನಂದಿ? ಹಂಗಾದ್ರ ಕೀಲಿ ವಾಪಸ್ ತಗೋತೀನಿ!”

“ತಗೋರಿ ಸಾಹೇಬ್ರ,” ಎಂದಳು ಕಾಳವ್ವ. “ಅದೂ ಗೋಡಿ ಮ್ಯಾಲ ಬರತೈತಿ. ನಿಮ್ಮ ಹೆಸರಿನ್ಯಾಗ.”